ಫಲಾನುಭವಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನಮ್ಮ ಶಾಲೆಯ ಮಕ್ಕಳು ಬೆನ್ನ ಹಿಂದೆ ನನ್ನನ್ನು ಪಟಾಕಿ ಮಿಸ್ ಅನ್ನುತ್ತಾರೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಬೆಳಗ್ಗೆ ಬಂದ ಸಿಟ್ಟು ಬಿಸಿಯೂಟದ ಹೊತ್ತಿಗೆ ಇಳಿದಿರುತ್ತದೆ. ವೈಟ್‌ಫೀಲ್ಡಿನ ಆ ಸಭಾಂಗಣದಲ್ಲಿ ಬಂದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದಿಡುತ್ತೇನೆ.

ರಾಜಗೋಪಾಲನಗರದ ಅಂಚಿನಲ್ಲಿ, ಪೀಣ್ಯದ ಕಾರ್ಖಾನೆಗಳಿಗೆ ಅಂಟಿಕೊಂಡಂತೆ ಇರುವ ಸರ್ಕಾರಿ ಶಾಲೆ ನಮ್ಮದು. ಪ್ರೈಮರಿಯೂ ಹೈಸ್ಕೂಲೂ ಒಂದೇ ಕಾಂಪೌಂಡಿನಲ್ಲಿವೆ. ನಾನು ಹೈಸ್ಕೂಲಿಗೆ ಕನ್ನಡ ಕಲಿಸುತ್ತೇನೆ. ಗೇಟಿನ ಎದುರಿಗೇ ರಸ್ತೆ. ಲಾರಿ, ಟೆಂಪೋ, ಕಬ್ಬಿಣದ ಸರಳುಗಳನ್ನು ಹಿಂದಕ್ಕೆ ಚಾಚಿಕೊಂಡು ಹೋಗುವ ಗಾಡಿಗಳು, ಇವುಗಳ ಸಂದಿಯಲ್ಲಿ ನುಗ್ಗುವ ಬೈಕುಗಳು. ಹಂಪ್ ಇಲ್ಲ, ಸಿಗ್ನಲ್ ಇಲ್ಲ. ಹಂಪ್ ಹಾಕಿಸಿಕೊಡಿ ಎಂದು ಅರ್ಜಿ ಬರೆದೂ ಬರೆದೂ ನಮ್ಮ ಹೆಡ್‌ಮಾಸ್ಟರಿಗೆ ಆ ಅರ್ಜಿ ಬಾಯಿಪಾಠವಾಗಿ ಹೋಗಿದೆ. ರಸ್ತೆಯ ಆಚೆ ಬದಿಗೆ ಶೀಟಿನ ಮನೆಗಳ ಸಾಲು. ಈ ಊರಿನ ಹಳೇ ರೈತರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಒಂದೊಂದೇ ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಅಲ್ಲಿರುವವರೆಲ್ಲ ಕೊಪ್ಪಳ, ರಾಯಚೂರು, ಯಾದಗಿರಿ ಕಡೆಯಿಂದ ಬಂದವರು. ಗಂಡಸರಿಗೆ ಕಾರ್ಖಾನೆ, ಹೆಂಗಸರಿಗೆ ಗಾರ್ಮೆಂಟ್ಸು. ಗಾರ್ಮೆಂಟ್ಸಿನ ವ್ಯಾನು ಎಂಟು ಗಂಟೆಗೆ ಮೊದಲೇ ಬಂದು ತಾಯಂದಿರನ್ನು ತುಂಬಿಕೊಂಡು ಹೋಗುತ್ತದೆ. ಆಮೇಲೆ ಆ ಸಾಲಿನಲ್ಲಿ ಉಳಿಯುವವರು ಮಕ್ಕಳು. ಶಾಲೆ ರಸ್ತೆಯ ಈಚೆಗಿದೆ.

ಆ ಮಕ್ಕಳನ್ನು ಈಚೆಗೆ ತರುತ್ತಿದ್ದವಳು ನಮ್ಮ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಕೊಪ್ಪಳದ ಕಡೆಯವಳು. ಅಪ್ಪ ಎರಕದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡುತ್ತಾರೆ, ತಾಯಿ ಅದೇ ವ್ಯಾನಿನಲ್ಲಿ ಹೋಗುವವರು. ಮೊದಲು ಅವಳು ದಾಟಿಸುತ್ತಿದ್ದದ್ದು ಒಂದನೇ ಕ್ಲಾಸಿನ ತಮ್ಮನನ್ನು ಮಾತ್ರ. ಅವನ ಜೊತೆಗೆ ಪಕ್ಕದ ಮನೆಯ ಮಗು ಸೇರಿಕೊಂಡಿತು, ಅದರ ಜೊತೆಗೆ ಅದರ ಪಕ್ಕದ್ದು. ನೋಡನೋಡುತ್ತ ಸಾಲಿನ ಅಷ್ಟೂ ಚಿಕ್ಕ ಮಕ್ಕಳು ಅವಳ ಪಾಲಿಗೆ ಬಂದವು. ಯಾರೂ ಅವಳಿಗೆ ಇದನ್ನು ಮಾಡು ಅನ್ನಲಿಲ್ಲ. ವ್ಯಾನು ಹೊರಟ ಕೂಡಲೇ ಮನೆಮನೆಗೆ ಹೋಗಿ, ಮುಖ ತೊಳೆಯದವರ ಮುಖ ತೊಳೆದು, ಮೂಗು ಸುರಿಯುವವರ ಮೂಗು ಒರೆಸಿ, ಜಡೆ ಇದ್ದವರಿಗೆ ಜಡೆ ಹಾಕಿ, ಎಲ್ಲರನ್ನೂ ರಸ್ತೆಯ ಅಂಚಿಗೆ ತಂದು ನಿಲ್ಲಿಸುತ್ತಿದ್ದಳು.

ಲಾರಿಯ ಲೋಡು ಬಿಗಿಯುವ ಹಳೆಯ ನೈಲಾನ್ ಹಗ್ಗವೊಂದನ್ನು ಅವಳ ಅಪ್ಪ ತಂದುಕೊಟ್ಟಿದ್ದರು. ಅದಕ್ಕೆ ಉದ್ದಕ್ಕೂ ಗಂಟು ಹಾಕಿದ್ದಳು. ಒಬ್ಬೊಬ್ಬರಿಗೆ ಒಂದೊಂದು ಗಂಟು, ಬದಲಾಯಿಸುವ ಹಾಗಿಲ್ಲ. ನನ್ನ ಗಂಟು ಅವನು ಹಿಡಿದ ಎಂದು ಜಗಳ ಬಂದರೆ ಅಲ್ಲೇ ಅವಳ ಪಂಚಾಯಿತಿ. ತೀರಾ ಚಿಕ್ಕದೊಂದು ಹುಡುಗಿಯಂತೂ ಇವಳ ಕೈಯ ಪಕ್ಕದ ಗಂಟು ಸಿಕ್ಕದಿದ್ದರೆ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಹಗ್ಗದ ತುದಿಯನ್ನು ಎಡಗೈಗೆ ಸುತ್ತಿಕೊಂಡು, ಬಲಗೈ ಎತ್ತಿ, ಡ್ರೈವರನ ಮುಖವನ್ನೇ ನೋಡುತ್ತ ಅವಳು ರಸ್ತೆಗೆ ಇಳಿಯುತ್ತಿದ್ದಳು. "ಅಣ್ಣಾ, ಹುಡುಗ್ರದಾವ" ಎಂದು ಕೂಗುತ್ತಿದ್ದಳು. ಡ್ರೈವರ್ ತಮಿಳಿನವನಿರಲಿ, ತೆಲುಗಿನವನಿರಲಿ, ಅಣ್ಣಾ ಅಂದ ಕೂಡಲೇ ಲಾರಿ ನಿಲ್ಲುತ್ತಿತ್ತು. ನಾನು ಗೇಟಿನಲ್ಲಿ ನಿಂತು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಕೊನೆಯ ಮಗು ಗೇಟು ದಾಟುವವರೆಗೂ ನಾನು ಒಳಗೆ ಹೋಗುತ್ತಿರಲಿಲ್ಲ.

ಆ ವರ್ಷ ವೈಟ್‌ಫೀಲ್ಡ್ ಕಡೆಯ ದೊಡ್ಡ ಕಂಪನಿಯೊಂದರ ಪ್ರತಿಷ್ಠಾನದವರು ನಮ್ಮ ಶಾಲೆಯ ಗೋಡೆಗಳಿಗೆ ಬಣ್ಣ ಹೊಡೆಯಲು ಬಂದರು. ಅವರ ಪೈಕಿ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಒಬ್ಬ ತರುಣ ನಮ್ಮ ಸ್ಟಾಫ್ ರೂಮಿಗೆ ಬಂದು ಕುಳಿತ. ಸಮಾಜಸೇವೆ ಮಾಡುವ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಪ್ರತಿಷ್ಠಾನ ಪ್ರತಿವರ್ಷ ಪುರಸ್ಕಾರ ಕೊಡುತ್ತದಂತೆ, ನಿಮ್ಮಲ್ಲಿ ಯಾರಾದರೂ ಇದ್ದರೆ ಹೆಸರು ಸೂಚಿಸಿ ಅಂದ. ಒಳ್ಳೆಯ ಹುಡುಗ, ನಮ್ಮ ಚಹಾವನ್ನು ಮುಖ ಸಿಂಡರಿಸದೆ ಕುಡಿದ. ನಾನು ಅವತ್ತೇ ಕುಳಿತು ಈ ಹುಡುಗಿಯ ಬಗ್ಗೆ ಬರೆದು ಕಳಿಸಿದೆ.

ಸ್ವಲ್ಪ ದಿನಕ್ಕೆ ಬ್ರೂಕ್‌ಫೀಲ್ಡಿನ ಒಂದು ಇಂಟರ್‌ನ್ಯಾಷನಲ್ ಸ್ಕೂಲಿನ ಹುಡುಗಿ ಕ್ಯಾಮೆರಾ ಹಿಡಿದು ಬಂದಳು, ಜೊತೆಗೆ ಅವಳ ಟೀಚರ್. ಪ್ರತಿಷ್ಠಾನದವರೇ ಕಳಿಸಿದ್ದು ಅಂದರು. ಒಂದಷ್ಟು ದಿನ ಬೆಳಗ್ಗೆ ಬೆಳಗ್ಗೆಯೇ ಬಂದು ನಮ್ಮ ಹುಡುಗಿ ಮಕ್ಕಳನ್ನು ದಾಟಿಸುವುದನ್ನು ಚಿತ್ರ ತೆಗೆದರು. ಕ್ಯಾಮೆರಾ ಹಿಡಿದು ಬಂದ ಆ ಮಗುವಿನ ಬಗ್ಗೆ ನನಗೆ ಈಗಲೂ ಬೇಸರವಿಲ್ಲ. ಶೀಟಿನ ಮನೆಯ ಒಳಗೆ ನೆಲದ ಮೇಲೆ ಕುಳಿತು ಮಂಡಕ್ಕಿ ತಿಂದವಳು. ಕೊನೆಯ ದಿನ ಮಿಂಚುವ ಜಾಕೆಟ್ಟುಗಳನ್ನೂ ಬಣ್ಣದ ಹಿಡಿಗಳಿರುವ ಒಂದು ಹೊಸ ಹಗ್ಗವನ್ನೂ ತಂದುಕೊಟ್ಟಳು. ಕೆಂಪು ಹಿಡಿ ಒಂದೇ ಇತ್ತು, ಅದಕ್ಕಾಗಿ ಹೊಡೆದಾಟವೇ ಆಯಿತು. ಎರಡು ದಿನ ನೋಡಿ ನಮ್ಮವಳು ಹೊಸ ಹಗ್ಗವನ್ನು ಮನೆಯಲ್ಲಿಟ್ಟು ಹಳೆಯದನ್ನೇ ಹೊರಗೆ ತೆಗೆದಳು. ಅವರು ಚಿತ್ರ ತೆಗೆದಷ್ಟು ದಿನವೂ ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ನಾನು ಬರೆದದ್ದು ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಚಿತ್ರ ತೆಗೆಸುತ್ತಿದ್ದಾರೆ ಎಂದೇ ತಿಳಿದಿದ್ದೆ.

ಈ ನಡುವೆ ಒಂದು ದಿನ ಯಾವನೋ ಬೈಕಿನವನ ಕನ್ನಡಿ ನಮ್ಮ ಹುಡುಗಿಯ ಮೊಣಕೈಗೆ ಬಡಿಯಿತು. ಮೂಳೆ ಮುರಿಯಲಿಲ್ಲ, ಊದಿಕೊಂಡಿತು ಅಷ್ಟೇ. ಮಾರನೇ ದಿನ ಅವಳ ಅಪ್ಪ ಶಾಲೆಗೆ ಬಂದರು. ಅವರ ಕಡೆ ಮೇಡಂಗಳನ್ನು ಅಕ್ಕಾರ ಅನ್ನುತ್ತಾರೆ.

"ಮಂದಿ ಮಕ್ಕಳನ್ನ ದಾಟಸಾಕ ಹೋಗಿ ನನ್ನ ಮಗಳು ಲಾರಿ ಕೆಳಗ ಹೋದ್ರ ಯಾರ ಕೇಳ್ತಾರ್ರಿ ಅಕ್ಕಾರ? ನಾಳಿಂದ ಬ್ಯಾಡ ಅಂದೀನಿ. ನೀವೂ ಹೇಳ್ರಿ."

ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿದೆ: ಪ್ರಶಸ್ತಿಗೆ ಹೆಸರು ಹೋಗಿದೆ, ಅದು ಬಂದರೆ ದೊಡ್ಡವರ ಕಣ್ಣು ಈ ರಸ್ತೆಯ ಮೇಲೆ ಬೀಳುತ್ತದೆ, ಹಂಪ್ ಬರುತ್ತದೆ, ಪೊಲೀಸರು ಬರುತ್ತಾರೆ, ಅಲ್ಲಿಯವರೆಗೆ ತಡೆಯಿರಿ. ಪ್ರಶಸ್ತಿ ಬಂದರೆ ಮಾಡಲಿ, ಬರದಿದ್ದರೆ ಅವತ್ತೇ ಬಂದ್ ಎಂದು ಅವರು ಖಡಾಖಂಡಿತವಾಗಿ ಹೇಳಿ ಹೋದರು. ಹುಡುಗಿ ಕ್ಲಾಸಿಗೆ ಓಡಿದಳು.

ಪ್ರತಿಷ್ಠಾನದ ತರುಣನ ಫೋನು ಬಂದಾಗ ನಾನು ಹತ್ತನೇ ಕ್ಲಾಸಿನಲ್ಲಿದ್ದೆ. ಹೊರಗೆ ಬಂದು ಮಾತಾಡಿದೆ. "ಮೇಡಂ, ನಿಮ್ಮ ಆ ಹುಡುಗಿ ಶನಿವಾರ ಸ್ಟೇಜ್ ಮೇಲೆ ಬರ್ಬೇಕು. ಪೇರೆಂಟ್ಸ್‌ನೂ ಕರ್ಕೊಂಡ್ ಬನ್ನಿ. ಯೂನಿಫಾರ್ಮ್‌ನಲ್ಲೇ ಇರ್ಲಿ" ಅಂದ. ಈಗ ನೀವೇ ಹೇಳಿ. ಅಪ್ಪ ಅಮ್ಮನ ಸಮೇತ ವೇದಿಕೆಗೆ ಕರೆಯುವುದು ಯಾರನ್ನು? ನಮ್ಮಲ್ಲಿ ವೇದಿಕೆ ಎಂದರೆ ಸನ್ಮಾನ, ಸನ್ಮಾನ ಎಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅದಕ್ಕಲ್ಲದೆ ಬೇರೆ ಯಾವುದಕ್ಕೂ ಯಾರೂ ಯಾರನ್ನೂ ಮೇಲೆ ಹತ್ತಿಸಿದ್ದನ್ನು ನಾನು ಕಂಡಿರಲಿಲ್ಲ. ಹೆಡ್‌ಮಾಸ್ಟರು ಮರುದಿನ ಪ್ರಾರ್ಥನೆಯಲ್ಲಿ ಮೈಕು ಹಿಡಿದು ಹೇಳಿದರು, ಇಡೀ ಶಾಲೆ ಚಪ್ಪಾಳೆ ತಟ್ಟಿತು. ಒಂದನೇ ಕ್ಲಾಸಿನ ಸಾಲಿನಲ್ಲಿದ್ದ ಹಗ್ಗದ ಮಕ್ಕಳು ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದರು.

ಅವಳ ತಾಯಿಗೆ ಗಾರ್ಮೆಂಟ್ಸಿನಲ್ಲಿ ರಜೆ ಸಿಗಲಿಲ್ಲ. ಅಪ್ಪ ಶಿಫ್ಟು ಬದಲಾಯಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಮೆಟ್ರೋದಲ್ಲಿ ಹೋದೆವು. ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿದ ಮೇಲೆ ಅವರು ಪಕ್ಕದಲ್ಲಿ ಕುಳಿತಿದ್ದ ಅಪರಿಚಿತರೊಬ್ಬರಿಗೆ, ಕೇಳದಿದ್ದರೂ, ನಮ್ಮ ಹುಡುಗಿಗೆ ಇವತ್ತು ಸನ್ಮಾನ ಐತ್ರಿ ಎಂದು ಹೇಳಿದರು. ಹುಡುಗಿ ನಾಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಆ ಅಪರಿಚಿತರು ಅವಳ ಕೈ ಕುಲುಕಿದರು. ಆ ದಿನ ಅವಳಿಗೆ ಸಿಕ್ಕ ಮರ್ಯಾದೆ ಅದೊಂದೇ.

ಸಭಾಂಗಣದ ಬಾಗಿಲಲ್ಲಿ ಎಲ್ಲರ ಎದೆಗೂ ಬ್ಯಾಡ್ಜು ಚುಚ್ಚುತ್ತಿದ್ದರು. ನೀಲಿ ಬ್ಯಾಡ್ಜಿನ ಮೇಲೆ ಪುರಸ್ಕೃತರು ಎಂದಿತ್ತು. ನಮ್ಮ ಮೂವರಿಗೂ ಹಳದಿ. ಅದರ ಮೇಲೆ ಮುದ್ದಾದ ಕನ್ನಡ ಅಕ್ಷರದಲ್ಲಿ ಫಲಾನುಭವಿ ಎಂದು ಅಚ್ಚು ಹಾಕಿಸಿದ್ದರು. ಅಪ್ಪ ಹೆಚ್ಚು ಓದಿದವರಲ್ಲ, ಆದರೆ ಆ ಪದ ಅವರಿಗೆ ಚೆನ್ನಾಗಿ ಗೊತ್ತು. ಸರ್ಕಾರಿ ಮನೆ, ಹೊಲಿಗೆ ಮಿಷನ್ನು, ಅಕ್ಕಿ, ಯಾವುದಕ್ಕೆ ಹೋದರೂ ಪಂಚಾಯಿತಿಯ ಗೋಡೆಯ ಮೇಲೆ ಆ ಪದದ ಕೆಳಗೆ ತಮ್ಮ ಹೆಸರಿದೆಯೇ ಎಂದು ಹುಡುಕಿದವರು. ಒಮ್ಮೆ ತಮ್ಮ ಎದೆ ನೋಡಿಕೊಂಡರು, ಒಮ್ಮೆ ಮಗಳದ್ದನ್ನು. ಆಮೇಲೆ ನನ್ನ ಮುಖ ನೋಡಿದರು.

ಬ್ಯಾಡ್ಜು ಅದಲುಬದಲಾಗಿದೆ, ಸರಿ ಮಾಡಿಸುತ್ತೇನೆ ಎಂದು ನಾನು ಮೇಜಿನ ಹತ್ತಿರ ಹೋದೆ. ಅಲ್ಲಿದ್ದ ಹುಡುಗಿ ನಗುನಗುತ್ತಲೇ, ಎಲ್ಲ ಸರಿಯಾಗಿದೆ ಮೇಡಂ, ನಿಮಗೆ ಮೂರನೇ ಸಾಲು ಅಂದಳು.

ದೀಪ ಹಚ್ಚಿದರು, ಭಾಷಣ ಮಾಡಿದರು. ಆಮೇಲೆ ಕತ್ತಲು ಮಾಡಿ ಪರದೆಯ ಮೇಲೆ ಚಿತ್ರ ಬಿಟ್ಟರು. ನಮ್ಮ ರಸ್ತೆ, ನಮ್ಮ ಗೇಟು, ನಮ್ಮ ಮಕ್ಕಳು. ಮೂಗು ಸುರಿಸುತ್ತಿದ್ದವನ ಮೂಗು ಆ ಗೋಡೆಯಷ್ಟು ದೊಡ್ಡದಾಗಿ ಕಂಡಿತು. ಹಿಂದಿನಿಂದ ಇಂಗ್ಲಿಷಿನಲ್ಲಿ ಒಂದು ದನಿ, ಪ್ರತಿದಿನ ಪ್ರಾಣ ಕೈಯಲ್ಲಿ ಹಿಡಿದು ಶಾಲೆಗೆ ಹೋಗುವ ಮಕ್ಕಳ ಕಷ್ಟವನ್ನು ಹೇಳುತ್ತಿತ್ತು. ನಮ್ಮ ಹುಡುಗಿ ಕೈ ಎತ್ತಿಕೊಂಡು ಲಾರಿಯ ಮುಂದೆ ನಿಂತಿದ್ದ ದೃಶ್ಯವೂ ಬಂತು. ಕಷ್ಟದಲ್ಲಿರುವ ಮಕ್ಕಳ ಪೈಕಿ ಅವಳೂ ಒಬ್ಬಳು, ಸ್ವಲ್ಪ ಎತ್ತರ ಇದ್ದಾಳೆ, ಅಷ್ಟೇ. ಆಮೇಲೆ ಜಾಕೆಟ್ಟು ಬಂತು, ಬಣ್ಣದ ಹಗ್ಗ ಬಂತು, ಸಂಗೀತ ಜೋರಾಯಿತು, ಮಕ್ಕಳು ನಕ್ಕರು. ದೀಪ ಹತ್ತಿತು. ವಿದ್ಯಾರ್ಥಿ ಪುರಸ್ಕಾರ ಬ್ರೂಕ್‌ಫೀಲ್ಡಿನ ಹುಡುಗಿಗೆ, ಶಿಕ್ಷಕರ ಪುರಸ್ಕಾರ ಅವಳ ಜೊತೆ ಬಂದಿದ್ದ ಟೀಚರಿಗೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಎಲ್ಲ ಕ್ರಮಬದ್ಧವಾಗಿ ನಡೆಯಿತು.

ಆಗ ಫಲಾನುಭವಿಗಳನ್ನು ವೇದಿಕೆಗೆ ಕರೆದರು.

ಅಪ್ಪ ಕುರ್ಚಿಯಿಂದ ಏಳಲಿಲ್ಲ. ಹುಡುಗಿ ನನ್ನ ಕೈ ಹಿಡಿದುಕೊಂಡು ಹತ್ತಿದಳು. ಪೇಟ ತೊಟ್ಟ ಆ ಮಗು ನಮ್ಮವಳಿಗೆ ಒಂದು ಸ್ಕೂಲ್ ಬ್ಯಾಗು ಕೊಟ್ಟಿತು. ಕೊಡುವಾಗ ಅದರ ಮುಖದಲ್ಲಿ ಏನೋ ತಡವರಿಕೆ ಇತ್ತು, ಪಕ್ಕಕ್ಕೆ ತಿರುಗಿ ತನ್ನ ಟೀಚರಿಗೆ ಏನೋ ಹೇಳಲು ಹೋಯಿತು. ಫೋಟೋದವನು ಎಲ್ಲರೂ ಈ ಕಡೆ ನೋಡಿ ಅಂದ, ನೋಡಿದರು. ನಿರೂಪಕಿ ನನ್ನ ಕೈಗೆ ಮೈಕು ಕೊಟ್ಟು, ಶಾಲೆಯ ಪರವಾಗಿ ಕೃತಜ್ಞತೆಯ ಎರಡು ಮಾತು ಹೇಳಿ ಎಂದು ಕೇಳಿಕೊಂಡಳು.

ನಾನು ವ್ಯಾಕರಣ ಕಲಿಸುವವಳು, ಬಾಯಿಗೆ ಬಂದದ್ದೂ ಅದೇ. "ಚಿತ್ರದಲ್ಲಿ ಲಾರಿ ಮುಂದೆ ಕೈ ಎತ್ತಿ ನಿಂತಿದ್ದಳಲ್ಲ, ಆ ಹುಡುಗಿ ರಸ್ತೆ ದಾಟುತ್ತಿಲ್ಲ. ದಾಟಿಸುತ್ತಿದ್ದಾಳೆ. ಇವೆರಡು ಬೇರೆ ಬೇರೆ ಕ್ರಿಯಾಪದ. ನಮ್ಮ ಒಂಬತ್ತನೇ ಕ್ಲಾಸಿನವರಿಗೆ ಗೊತ್ತು" ಅಂದೆ.

ಚಪ್ಪಾಳೆ ಬಿತ್ತು. ಎಂಥ ಚಪ್ಪಾಳೆ. ಮುಂದಿನ ಸಾಲಿನ ಒಬ್ಬ ಹೆಂಗಸು ಕಣ್ಣು ಒರೆಸಿಕೊಂಡಳು. ನಿರೂಪಕಿ, ಮೇಡಂ ತುಂಬಾ ಭಾವುಕರಾಗಿದ್ದಾರೆ ಎಂದು ಮೈಕು ವಾಪಸು ತೆಗೆದುಕೊಂಡು, ಮುಂದೆ ನೃತ್ಯ ಇದೆ ಎಂದು ಹೇಳಿದಳು. ನಾನು ಅಲ್ಲೇ ಚಪ್ಪಲಿ ತೆಗೆದು ತೋರಿಸಿದ್ದರೂ ಅವರು ಚಪ್ಪಾಳೆ ಹೊಡೆಯುತ್ತಿದ್ದರೋ ಏನೋ.

ಊಟದ ಜಾಗದಲ್ಲಿ ಆ ಐಡಿ ಕಾರ್ಡಿನ ತರುಣನನ್ನು ಹಿಡಿದೆ. ಅವನು ತಪ್ಪಿಸಿಕೊಳ್ಳಲಿಲ್ಲ. ನನ್ನ ಬರಹವನ್ನು ಎಲ್ಲರೂ ಓದಿದರಂತೆ, ಎಲ್ಲರಿಗೂ ತುಂಬಾ ಹಿಡಿಸಿತಂತೆ. ಅದನ್ನು ಓದಿಯೇ ಆ ಸ್ಕೂಲಿನವರಿಗೆ ಇದನ್ನು ಪ್ರಾಜೆಕ್ಟಾಗಿ ತೆಗೆದುಕೊಳ್ಳಿ ಎಂದು ಸೂಚಿಸಿದರಂತೆ. ಹಾಗಾದರೆ ನಮ್ಮ ಹುಡುಗಿಗೆ ಯಾಕಿಲ್ಲ ಎಂದು ಕೇಳಿದೆ.

"ಅವಳು ಅದೇ ಕಮ್ಯುನಿಟಿಯವಳಲ್ವಾ ಮೇಡಂ. ತಮ್ಮವರಿಗೆ ತಾವು ಮಾಡ್ಕೊಳ್ಳೋದು ಸೇವೆ ಅಂತ ಕೌಂಟ್ ಆಗಲ್ಲ. ಸೇವೆ ಅಂದ್ರೆ ಹೊರಗಿನವರು ಬಂದು ಮಾಡ್ಬೇಕು. ನಮ್ಮ ರೂಲ್ಸಲ್ಲೇ ಇದೆ."

"ಆ ಲಾರಿ ಬ್ರೇಕ್ ಹಿಡೀದೆ ಹೋಗಿದ್ರೆ, ಅದೇ ಕಮ್ಯುನಿಟಿಯವಳು ಅಂತ ಅವಳನ್ನ ಬಿಟ್ಟು ಹೋಗ್ತಿತ್ತಾ?"

ಅವನು ತಲೆ ತಗ್ಗಿಸಿದ. ಇಂಥವರ ಜೊತೆ ಜಗಳವಾಡುವುದೂ ಕಷ್ಟ. ಬೈದರೆ ಬೇಜಾರು ಮಾಡಿಕೊಳ್ಳುತ್ತಾರೆ, ಆದರೆ ರೂಲ್ಸು ಹಾಗೇ ಇರುತ್ತದೆ. ಹೋಗಲಿ, ಆ ರಸ್ತೆಗೆ ಹಂಪ್ ಹಾಕಿಸಲು ನಿಮ್ಮ ದೊಡ್ಡವರು ಯಾರಿಗಾದರೂ ಒಂದು ಮಾತು ಹೇಳುತ್ತಾರೆಯೇ ಎಂದು ಕೇಳಿದೆ. ಈ ವರ್ಷದ ಪ್ರಾಜೆಕ್ಟು ಮುಗಿಯಿತು, ಮುಂದಿನ ವರ್ಷ ಕೆರೆಗಳನ್ನು ತೆಗೆದುಕೊಂಡಿದ್ದೇವೆ ಎಂದ.

ವಾಪಸು ಬರುವಾಗ ಅಪ್ಪ ನನ್ನ ಎದುರಿಗೆ ಕುಳಿತರು. ಬ್ಯಾಡ್ಜು ಯಾವಾಗ ಕಿತ್ತರೋ, ಬಿಳಿ ಅಂಗಿಯ ಮೇಲೆ ಪಿನ್ನಿನ ತೂತು ಮಾತ್ರ ಇತ್ತು. ಹುಡುಗಿ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಮೆಜೆಸ್ಟಿಕ್ ಬರುವ ಹೊತ್ತಿಗೆ ನನ್ನ ಕಡೆ ಬಾಗಿ ಕೇಳಿದಳು.

"ಟೀಚರ್, ನಾ ಅವರ ಕಡಿಂದ ಏನ್ ತಗೊಂಡಿದ್ನಿರಿ?"

ನಾನು ಏನೂ ಇಲ್ಲ ಅಂದೆ. ಅವಳು ಬ್ಯಾಗನ್ನು ತೊಡೆಯಿಂದ ಎತ್ತಿ ಕಾಲ ಬಳಿ ಇಟ್ಟಳು.

ಸೋಮವಾರ ಅವಳನ್ನು ಅಪ್ಪ ತಾವೇ ಕೈಹಿಡಿದು ತಂದು ಗೇಟಿನೊಳಗೆ ಬಿಟ್ಟರು, ಜೊತೆಗೆ ತಮ್ಮ. ಉಳಿದ ಮಕ್ಕಳು ಆಚೆ ಬದಿಯಲ್ಲಿ ನಿಂತಿದ್ದವು. ನಾನು ಸೆರಗು ಸಿಕ್ಕಿಸಿಕೊಂಡು ರಸ್ತೆಗೆ ಇಳಿದೆ. ಕೈ ಎತ್ತಿದೆ, ಅಣ್ಣಾ ಎಂದೂ ಕೂಗಿದೆ. ಮೊದಲನೇ ಲಾರಿ ನಿಲ್ಲಲಿಲ್ಲ, ಎರಡನೆಯವನು ಸಾಯೋಕೆ ಬೇರೆ ಜಾಗ ಸಿಗಲಿಲ್ವಾ ಎಂದು ಕೇಳಿ ಹೋದ. ಮೂರನೆಯದು ನಿಂತಿತು. ಇಬ್ಬಿಬ್ಬರನ್ನಾಗಿ ಕರೆತಂದೆ. ಆ ತೀರಾ ಚಿಕ್ಕದು ನನ್ನ ಕೈ ಹಿಡಿಯಲಿಲ್ಲ. ಮನೆಯ ಕಡೆ ಓಡಿಹೋಯಿತು. ಅವತ್ತಿನಿಂದ ಒಂದನೇ ಕ್ಲಾಸಿನಲ್ಲಿ ಅದರ ಜಾಗ ಖಾಲಿ. ಆಮೇಲೆ ಇನ್ನೂ ಇಬ್ಬರು ಶಾಲೆಗೆ ಬರುವುದನ್ನು ನಿಲ್ಲಿಸಿದರು. ಹಗಲೆಲ್ಲ ಬೀಗ ಹಾಕಿದ ಕೋಣೆಯೊಳಗೆ ಇರುತ್ತಾರೆ.

ನಮ್ಮ ಹುಡುಗಿ ಕಿಟಕಿಯ ಪಕ್ಕ ಕುಳಿತುಕೊಳ್ಳುವುದನ್ನು ಬಿಟ್ಟಳು. ಕಿಟಕಿಯಿಂದ ರಸ್ತೆ ಕಾಣುತ್ತದೆ.

ತಡೆಯಲಾರದೆ ಒಂದು ಸಂಜೆ ಶಿಫ್ಟು ಬಿಡುವ ಹೊತ್ತಿಗೆ ಎರಕದ ಕಾರ್ಖಾನೆಯ ಗೇಟಿಗೆ ಹೋದೆ. ಅಪ್ಪ ಹೊರಗೆ ಬಂದರು. ಕುಲುಮೆಯ ಮುಂದೆ ನಿಂತು ನಿಂತು ಮುಖ ಕೆಂಪಗಾಗಿತ್ತು. ನನ್ನನ್ನು ಕಂಡು ಕೈ ಮುಗಿದರು. ನಾನು ಬೇಡಿಕೊಂಡೆ. ಜೊತೆಗೆ ನಾನೂ ನಿಲ್ಲುತ್ತೇನೆ, ಅವಳು ಕರೆದರೆ ಮಾತ್ರ ಆ ಮಕ್ಕಳು ಬರುತ್ತವೆ, ಅವಳಿಗೂ ಅದೇ ಬೇಕಾಗಿದೆ ಅಂದೆ. ಆ ಕಂಪನಿಯವರು ಕುರುಡರು, ಅವರ ಮಾತು ಹಿಡಿದುಕೊಂಡು ನೀವು ಯಾಕೆ ಹೀಗೆ ಮಾಡುತ್ತೀರಿ ಎಂದು ಜೋರಾಗಿಯೇ ಕೇಳಿದೆ. ಅವರು ನನ್ನ ಮಾತು ಮುಗಿಯುವವರೆಗೂ ಕಾದರು.

"ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಅಕ್ಕಾರ. ಆಕಿ ರಸ್ತೇದಾಗ ನಿಂತಾಗೆಲ್ಲ ನನಗ ಅಂಜಿಕಿ ಆಗ್ತಿತ್ತು. ಆದ್ರೂ ನಾಕ ಮಂದಿಗೆ ಕೊಡಾಕತ್ತಾಳ ಅಂತ ಎದಿ ಗಟ್ಟಿ ಮಾಡ್ಕೊಂಡಿದ್ದೆ. ಅಷ್ಟ ಮಂದಿ ಮುಂದ ಆಕಿನ್ನ ತಗೊಳ್ಳಾಕಿ ಅಂತ ಕರದ್ರು. ಕೊಡಾಕ ಹೋಗಿ ಸತ್ರ ಹೆಸರಾದ್ರೂ ಉಳಿತೈತ್ರಿ. ತಗೊಳ್ಳಾಕ ಹೋಗಿ ಸತ್ಲು ಅಂದ್ರ ನಾ ಆಕಿ ಅವ್ವಗ ಏನ್ ಹೇಳ್ಲಿ?"

ಹೀಗೆ ಕೇಳಿ ಅವರು ನಿಂತರು. ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದರು. ಉತ್ತರ ಹೇಳಬೇಕಾದವರು ಆ ಹೊತ್ತಿಗೆ ವೈಟ್‌ಫೀಲ್ಡಿನಲ್ಲಿ ಯಾವುದೋ ಕೆರೆಯ ದಂಡೆಯಲ್ಲಿ ನಿಂತು, ಅದರ ಫಲಾನುಭವಿಗಳು ಯಾರು ಎಂದು ಹುಡುಕುತ್ತಿದ್ದಿರಬೇಕು.